ಸಭಾಧ್ಯಕ್ಷರ ಪೀಠದ ಹಿಂದಿನ ಚೀಲ

ಲಂಡನ್ನಿನ ಕಾಮನ್ಸ್ ಸಭಾಮಂದಿರದಲ್ಲಿ ಸಭಾಧ್ಯಕ್ಷರ ಪೀಠದ ಹಿಂಬದಿಗೆ ಒಂದು ಬಟ್ಟೆಯ ಚೀಲವನ್ನು ತೂಗುಹಾಕಿರುತ್ತಾರೆ. ಪ್ರಜೆಗಳು ಬರೆದುಕೊಂಡ ಬಿನ್ನವತ್ತಳೆಯನ್ನು ಸಭೆಯ ಎದುರಿಗೆ ನಿಂತು ಒಪ್ಪಿಸಲು ಇಷ್ಟಪಡದ ಸದಸ್ಯನು ಅದನ್ನು ಆ ಚೀಲದೊಳಕ್ಕೆ ಇಳಿಬಿಟ್ಟು ತನ್ನ ದಾರಿ ಹಿಡಿಯಬಹುದು; ಶಾಸ್ತ್ರದ ಪ್ರಕಾರ ಅಷ್ಟರಿಂದಲೇ ಅದು ಸಭೆಗೆ ಸಮರ್ಪಿತವಾದಂತಾಯಿತು. ಇಂದು ಲಕ್ಷಾಂತರ ಜನರು ಮನೆಯಲ್ಲಿಯೇ ಕುಳಿತು ಪಾರ್ಲಿಮೆಂಟಿಗೆ ಅಹವಾಲು ಸಲ್ಲಿಸುವ ಆನ್‌ಲೈನ್ ವ್ಯವಸ್ಥೆಯ ಗುಣದೋಷಗಳನ್ನು ತೂಗಬಯಸುವವರು ಮೊದಲು ಈ ಚೀಲದ ಪೂರ್ವೋತ್ತರವನ್ನು ಅರಿಯುವುದು ಲೇಸು. ಏಕೆಂದರೆ ಹೊಸ ಯಂತ್ರದ ತೊಡಕುಗಳಲ್ಲಿ ಹೆಚ್ಚಿನವು ಕಾಗದದ ಕಾಲದಲ್ಲಿಯೇ ಹುಟ್ಟಿದವು.

ನೊಂದವನು ಬಿನ್ನಹ ಬರೆದುಕೊಳ್ಳುವುದು ಇಂಗ್ಲೆಂಡಿನ ಪ್ರತಿಯೊಬ್ಬ ಸಾಮಾನ್ಯ ಪ್ರಜೆಯ ಸಹಜವಾದ ಹಕ್ಕೆಂದು ಕಾಮನ್ಸ್ ಸಭೆ 1669ರಲ್ಲಿ ನಿರ್ಣಯಿಸಿತು. ಆದರೆ ಅದಕ್ಕೆ ಎಂಟು ವರ್ಷ ಮೊದಲೇ, ಜನರು ಗುಂಪುಗೂಡಿ ಸಹಿ ಹಾಕುವುದಕ್ಕೆ ಹೆದರಿದ ಪ್ರಭುತ್ವವು, ಇಪ್ಪತ್ತಕ್ಕಿಂತ ಹೆಚ್ಚು ಸಹಿಗಳಿಗೆ ಸ್ಥಳೀಯ ನ್ಯಾಯಾಧಿಕಾರಿಗಳ ಒಪ್ಪಿಗೆ ಬೇಕೆಂದು ಕಾನೂನು ಮಾಡಿತ್ತು. ಹಕ್ಕನ್ನು ಮಾನ್ಯಮಾಡುವುದು, ಸಂಖ್ಯೆಗೆ ಅಂಜುವುದು, ಈ ಎರಡು ಪ್ರವೃತ್ತಿಗಳು ಮುಂದೆಯೂ ಕೂಡಿಯೇ ನಡೆದವು. 1792ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ 519 ಬಿನ್ನವತ್ತಳೆಗಳು ಒಮ್ಮೆಲೇ ಬಂದು ಸಭೆಯ ಮೇಜನ್ನು ತುಂಬಿದುವು. 1843ರ ಹೊತ್ತಿಗೆ ವರ್ಷವೊಂದಕ್ಕೆ ಬಂದವು ಸುಮಾರು 34,000. ವಿಚಿತ್ರವೇನೆಂದರೆ, ಬಿನ್ನವತ್ತಳೆ ಒಪ್ಪಿಸಿದ ಕೂಡಲೇ ಅದರ ಮೇಲೆ ಚರ್ಚೆ ಎಬ್ಬಿಸಲು ಸದಸ್ಯರಿಗಿದ್ದ ಅವಕಾಶವನ್ನು ಸಭೆಯು ನಿಯಮಗಳಿಂದ ಕತ್ತರಿಸಿಹಾಕಿದ್ದೂ ಸರಿಸುಮಾರು ಅದೇ ಕಾಲದಲ್ಲಿ. ಬರವಣಿಗೆ ಬೆಳೆಯಿತು, ಆಲಿಕೆ ಕುಗ್ಗಿತು.

ಆ ಕಾಲದ ಚಾರ್ಟಿಸ್ಟರ ಕಥೆ ಎಷ್ಟು ಸಲ ಹೇಳಿದರೂ ಸಲ್ಲುವಂಥದು. ದುಡಿಯುವವರಿಗೆ ಮತಾಧಿಕಾರ ಬೇಕೆಂದು ಕೇಳಿದ ಅವರು 1842ರ ಮೇ ತಿಂಗಳಿನಲ್ಲಿ 33 ಲಕ್ಷಕ್ಕೂ ಮೀರಿದ ಸಹಿಗಳುಳ್ಳ, ಆರು ಮೈಲಿಗಿಂತ ಉದ್ದವೆನ್ನಿಸಿಕೊಂಡ ಕಾಗದದ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆಯಲ್ಲಿ ತಂದರು. ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ಚೌಕಟ್ಟನ್ನು ಕಿತ್ತರೂ ಒಳಹೋಗಲಿಲ್ಲ. ಕಡೆಗೆ ಅದನ್ನು ತುಂಡುತುಂಡಾಗಿ ಹರಿದು ಒಳಗೆ ಸಾಗಿಸಿ ನೆಲದ ಮೇಲೆ ರಾಶಿ ಹಾಕಬೇಕಾಯಿತು. ಬಿನ್ನವತ್ತಳೆ ಸಲ್ಲಿಸಿದವರ ಮಾತನ್ನು ಸಭೆಯ ಮುಂದೆ ಕೇಳೋಣವೇ ಎಂಬ ಪ್ರಶ್ನೆಗೆ ಪರವಾಗಿ 49, ವಿರೋಧವಾಗಿ 287 ಮತಗಳು ಬಿದ್ದವು. ಆರು ವರ್ಷದ ತರುವಾಯ, 1848ರ ಏಪ್ರಿಲ್‌ನಲ್ಲಿ, ಚಾರ್ಟಿಸ್ಟರ ಮುಖಂಡ ಫಿಯರ್ಗಸ್ ಓಕಾನರನು 57 ಲಕ್ಷ ಸಹಿಗಳಿವೆಯೆಂದು ಸಾರಿ ಇನ್ನೊಂದನ್ನು ತಂದನು. ಸಭೆಯು ಹದಿಮೂರು ಮಂದಿ ಗುಮಾಸ್ತರನ್ನು ಹದಿನೇಳು ಗಂಟೆಗಳ ಕಾಲ ಎಣಿಕೆಗೆ ಕೂರಿಸಿತು. ದೊರೆತ ಲೆಕ್ಕ 19,75,496. ಅವುಗಳ ನಡುವೆ ವಿಕ್ಟೋರಿಯಾ ರಾಣಿಯ ರುಜುವೂ ಇತ್ತು, ವೆಲಿಂಗ್ಟನ್ ಪ್ರಭುವಿನದೂ ಇತ್ತು, ಚಪ್ಪಟೆಮೂಗ ಮೊದಲಾದ ಪೋಕರಿ ಹೆಸರುಗಳೂ ಇದ್ದುವು. ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸುಮಾರು ಇಪ್ಪತ್ತು ಲಕ್ಷ ಸಹಿಗಳು ಉಳಿದೇ ಇದ್ದುವೆಂಬ ಸಂಗತಿ ಆ ನಗೆಯಲ್ಲಿ ಮುಳುಗಿಹೋಯಿತು. ಸಂಖ್ಯೆಯನ್ನೇ ಶಕ್ತಿಯೆಂದು ನಂಬಿದವನು ಸಂಖ್ಯೆಯಿಂದಲೇ ಸೋತನು.

ಇದಕ್ಕೆ ಪ್ರತಿಯಾಗಿ 1866ರ ಜೂನ್ ತಿಂಗಳನ್ನು ನೋಡಬೇಕು. ಸ್ತ್ರೀಯರಿಗೆ ಮತಾಧಿಕಾರ ಕೇಳಿದ ಬಿನ್ನವತ್ತಳೆಯಲ್ಲಿದ್ದ ಸಹಿಗಳು 1,499 ಮಾತ್ರ. ಅದನ್ನು ತಂದ ಎಮಿಲಿ ಡೇವಿಸ್ ಮತ್ತು ಎಲಿಜಬೆತ್ ಗ್ಯಾರೆಟ್ ನೋಡುವವರ ಕಣ್ಣಿಗೆ ಬೀಳಲು ಸಂಕೋಚಪಟ್ಟು, ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಸೇಬು ಮಾರುತ್ತಿದ್ದವಳೊಬ್ಬಳ ಅಂಗಡಿಯ ಅಡಿಯಲ್ಲಿ ಆ ಸುರುಳಿಯನ್ನು ಬಚ್ಚಿಟ್ಟರಂತೆ. ಅದನ್ನು ಸಭೆಗೆ ಒಪ್ಪಿಸಿದವನು ಆಗ ಸದಸ್ಯನಾಗಿದ್ದ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಮರುವರ್ಷ ಅವನು ಮತಾಧಿಕಾರದ ಮಸೂದೆಗೆ ತಂದ ತಿದ್ದುಪಡಿ ಬಿದ್ದುಹೋಯಿತಾದರೂ 73 ಮತಗಳನ್ನು ಗಳಿಸಿತು. ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು: ಮೈಸೂರು ಸಂಸ್ಥಾನವನ್ನು ನುಂಗಿಹಾಕದೆ ರಾಜವಂಶಕ್ಕೆ ಉಳಿಸಿಕೊಡಬೇಕೆಂದು ಕೇಳಿದ ಬಿನ್ನವತ್ತಳೆಯನ್ನು ಅದೇ 1866ರಲ್ಲಿ ಅದೇ ಸಭೆಗೆ ಒಪ್ಪಿಸಿದವನೂ ಮಿಲ್ಲನೇ. 1867ರಲ್ಲಿ ಬ್ರಿಟಿಷ್ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನಿಗೆ ರಾಜ್ಯವನ್ನು ಹಿಂದಿರುಗಿಸಲು ನಿಶ್ಚಯಿಸಿತು. 1881ರಲ್ಲಿ ಅದು ನೆರವೇರಿತು. ಕಾರಣಗಳು ಹಲವು, ಬಿನ್ನವತ್ತಳೆಯೊಂದರಿಂದಲೇ ಅದು ಆಯಿತೆನ್ನಲಾಗದು. ಆದರೆ ಅದರ ಬಲ ಸಹಿಗಳ ರಾಶಿಯಲ್ಲಿರಲಿಲ್ಲ, ವಾದದಲ್ಲಿಯೂ ಅದನ್ನು ಕೈಗೆತ್ತಿಕೊಂಡ ಮನುಷ್ಯನಲ್ಲಿಯೂ ಇದ್ದಿತು.

ಇಪ್ಪತ್ತನೆಯ ಶತಮಾನದಲ್ಲಿ ಪಕ್ಷಗಳು ಬಲಿತು, ಮತಾಧಿಕಾರ ಹರಡಿ, ಈ ಪದ್ಧತಿ ಬಹುಮಟ್ಟಿಗೆ ಬತ್ತಿತು. ಅದಕ್ಕೆ ಮರುಜೀವ ಬಂದುದು ಅಂತರ್ಜಾಲದಿಂದ. 1999ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದೇ ಸಹಿಯಿದ್ದರೂ ಬಿನ್ನಹವನ್ನು ಸಮಿತಿಯ ಮುಂದಿಡುವ ಕ್ರಮವನ್ನು ತಂದು, ಬೇಗನೆ ಆನ್‌ಲೈನ್ ಸಹಿಗೂ ಅವಕಾಶ ಮಾಡಿತು. ಲಂಡನ್ನಿನಲ್ಲಿ ಮಾತ್ರ ಮೊದಲು ಬಾಗಿಲು ತೆರೆದುದು ಪಾರ್ಲಿಮೆಂಟಲ್ಲ, 2006ರಲ್ಲಿ ಪ್ರಧಾನಿಯ ಕಚೇರಿ. ಮರುವರ್ಷ ರಸ್ತೆ ಸುಂಕದ ವಿರುದ್ಧ 18 ಲಕ್ಷ ಸಹಿ ಬಿದ್ದಾಗ ಅಲ್ಲಿಂದ ಹೊರಟುದು ಒಂದು ಇಮೇಲ್ ಉತ್ತರ. 2015ರಲ್ಲಿ ಸರ್ಕಾರವೂ ಕಾಮನ್ಸ್ ಸಭೆಯೂ ಸೇರಿ ಈಗಿನ ವ್ಯವಸ್ಥೆಯನ್ನು ಕಟ್ಟಿದುವು: 10,000 ಸಹಿಗೆ ಸರ್ಕಾರದ ಉತ್ತರ, ಒಂದು ಲಕ್ಷಕ್ಕೆ ಚರ್ಚೆಯ ಪರಿಶೀಲನೆ, ಇವೆರಡರ ಮೇಲ್ವಿಚಾರಣೆಗೆ ಸದಸ್ಯರದೊಂದು ಸಮಿತಿ.

ಅನಂತರ 1848 ಮತ್ತೆ ಬಂದಿತು. 2016ರಲ್ಲಿ ಯುರೋಪ್ ಒಕ್ಕೂಟವನ್ನು ಬಿಡುವ ಕುರಿತು ಎರಡನೆಯ ಜನಮತಗಣನೆ ಕೇಳಿದ ಮನವಿಯಿಂದ ಸುಮಾರು 77,000 ಸುಳ್ಳು ಸಹಿಗಳನ್ನು ತೆಗೆದುಹಾಕಬೇಕಾಯಿತು. 2019ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟವನ್ನು ಬಿಡಕೂಡದೆಂಬ ಮನವಿಗೆ ಜನ ನುಗ್ಗಿದ ರಭಸಕ್ಕೆ ತಾಣವೇ ಕುಸಿದುಬಿದ್ದಿತು. ಹಿಂದೆ ಬಾಗಿಲಿನಲ್ಲಿ ಸಿಕ್ಕಿಕೊಂಡ ಸುರುಳಿಯ ತಮ್ಮನೇ ಇದು. ಸಹಿಗಳು 61 ಲಕ್ಷ ದಾಟಿದುವು. ಚರ್ಚೆ ಏಪ್ರಿಲ್ 1ರಂದು ನಡೆಯಿತು, ಆದರೆ ಸರ್ಕಾರ ಒಲ್ಲೆನೆಂದು ಅದಕ್ಕೆ ಮೊದಲೇ ಉತ್ತರ ಕೊಟ್ಟಾಗಿತ್ತು. ಇದಕ್ಕಿಂತ ಎಷ್ಟೋ ಸಣ್ಣದಾದ, ಮೆದುಳಿನ ಗೆಡ್ಡೆಯ ಸಂಶೋಧನೆಗೆ ಹಣ ಸಾಲದೆಂಬ ಮನವಿಯನ್ನು ಅದೇ ಸಮಿತಿ ಕೈಗೆತ್ತಿಕೊಂಡು, ರೋಗಿಗಳ ಬಂಧುಗಳ ಮಾತನ್ನು ಕೇಳಿ, 2016ರಲ್ಲಿ ತನ್ನ ಮೊದಲ ವರದಿಯನ್ನಾಗಿ ಪ್ರಕಟಿಸಿತು. ಸರ್ಕಾರ ಅದನ್ನು ಕುರಿತು ಕಾರ್ಯತಂಡವೊಂದನ್ನು ನೇಮಿಸಬೇಕಾಯಿತು. ಆದುದರಿಂದ ಇಂಥ ವ್ಯವಸ್ಥೆಯನ್ನು ಅಳೆಯುವವರು ಸಹಿಗಳ ಮೊತ್ತವನ್ನು ಬದಿಗಿಟ್ಟು, ಓದುವವರು ಯಾರು, ವಿಚಾರಣೆಗೆ ಅವರಿಗೆ ಅಧಿಕಾರವುಂಟೆ, ಉತ್ತರಕ್ಕೆ ಗಡುವುಂಟೆ ಎಂದು ಕೇಳಬೇಕೆಂಬುದು ನನ್ನ ಮತ.

ನಮ್ಮ ಲೋಕಸಭೆಯಲ್ಲಿಯೂ ಅರ್ಜಿಗಳ ಸಮಿತಿಯೊಂದುಂಟು. ಅದರ ಮೂಲ 1924ರ ಕೇಂದ್ರ ಶಾಸನಸಭೆಯಷ್ಟು ಹಳೆಯದು. ಆದರೆ ಅದರ ನಿಯಮದಂತೆ ಅರ್ಜಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಕನ್ನಡದಲ್ಲಿ ಬರೆದವನು ಭಾಷಾಂತರವನ್ನೂ ಜೊತೆಗಿಟ್ಟು ಅದಕ್ಕೆ ರುಜು ಹಾಕಬೇಕು. ಆನ್‌ಲೈನ್ ಅಹವಾಲಿನ ಮಾತೆತ್ತುವವರು ತಾಣವನ್ನು ಕಟ್ಟುವುದಕ್ಕೆ ಮೊದಲು ಆ ಭಾಷಾಂತರದ ಹೊಣೆಯನ್ನು ಅರ್ಜಿದಾರನ ತಲೆಯಿಂದ ಇಳಿಸಿ ಸಭೆಯ ಕಚೇರಿಗೆ ವಹಿಸಲಿ.