ಬಂಡೆದ್ದ ನಾವಿಕನ ಎರಡನೆಯ ಬದುಕು

1971ರಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿನ ಒಂದು ಆತ್ಮಕಥನ ಪ್ರಕಟವಾಯಿತು. ಹೆಸರು ‘ಮ್ಯೂಟಿನಿ ಆಫ್ ದಿ ಇನೊಸೆಂಟ್ಸ್’, ಅಂದರೆ ಮುಗ್ಧರ ದಂಗೆ. ಬರೆದವರು ಬಂಗಾಳದ ಬಲಾಯ್ ಚಂದ್ ದತ್ತ. ಎರಡನೆಯ ಮಹಾಯುದ್ಧದಲ್ಲಿ ರಾಯಲ್ ಇಂಡಿಯನ್ ನೇವಿಯ ಟೆಲಿಗ್ರಾಫಿಸ್ಟ್ ಆಗಿ ದುಡಿದವರು. 1946ರ ನಾವಿಕರ ದಂಗೆಗೆ ಕಿಡಿ ಹೊತ್ತಿಸಿದವರಲ್ಲಿ ಒಬ್ಬರು. ಅದರ ಫಲವಾಗಿ ಸಮವಸ್ತ್ರ ಕಳೆದುಕೊಂಡು, ಮುಂದೆ ಪತ್ರಕರ್ತರಾಗಿ ಬದುಕು ಕಟ್ಟಿಕೊಂಡವರು. ದಂಗೆ ನಡೆದದ್ದು ಹಲವರಿಗೆ ಗೊತ್ತು. ಅದನ್ನು ನಡೆಸಿದ ಹುಡುಗರು ಆಮೇಲೆ ಏನಾದರು ಎಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಹುಡುಗರು ಎಂದದ್ದು ಉತ್ಪ್ರೇಕ್ಷೆಯಲ್ಲ. ಯುದ್ಧ ಶುರುವಾದಾಗ ಭಾರತದ ನೌಕಾಪಡೆಯಲ್ಲಿದ್ದ ನಾವಿಕರ ಸಂಖ್ಯೆ ಎರಡು ಸಾವಿರದ ಒಳಗೆ. ಯುದ್ಧ ಮುಗಿಯುವ ಹೊತ್ತಿಗೆ ಅದು ಇಪ್ಪತ್ತೈದು ಸಾವಿರವನ್ನು ದಾಟಿತ್ತು. ಒಳ್ಳೆಯ ಸಂಬಳ, ಕಸುಬಿನ ತರಬೇತಿ, ಲೋಕ ನೋಡುವ ಅವಕಾಶ ಎಂದು ಸರಕಾರ ಜಾಹೀರಾತು ಕೊಟ್ಟಿತು. ಹದಿನೇಳು, ಹದಿನೆಂಟರ ಓದುಬರಹ ಬಲ್ಲ ಹುಡುಗರು ಎಲ್ಲ ಪ್ರಾಂತಗಳಿಂದಲೂ ಬಂದು ಸೇರಿದರು. ಅವರು ಯುದ್ಧವನ್ನು ದೂರದಿಂದ ನೋಡಿದವರಲ್ಲ. 1942ರ ನವೆಂಬರ್‌ನಲ್ಲಿ ‘ಬೆಂಗಾಲ್’ ಎಂಬ ಪುಟ್ಟ ಹಡಗು, ಜೊತೆಗಿದ್ದ ಡಚ್ ತೈಲವಾಹಕ ‘ಒಂಡಿನಾ’ದೊಂದಿಗೆ ಸೇರಿ, ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಎರಡು ಜಪಾನಿ ಹಡಗುಗಳನ್ನು ಎದುರಿಸಿ ಒಂದನ್ನು ಮುಳುಗಿಸಿತು. 1943ರಲ್ಲಿ ಸಿಸಿಲಿಯ ದಾಳಿಯಲ್ಲಿ ಭಾರತದ ಹಡಗುಗಳಿದ್ದವು. ಬರ್ಮಾದ ಅರಾಕಾನ್ ತೀರದಲ್ಲಂತೂ ಯುದ್ಧದ ಕೊನೆಯ ಘಟ್ಟದವರೆಗೂ ಅವು ದುಡಿದವು.

ಇಷ್ಟಾಗಿ ಈ ನಾವಿಕರ ನೆನಪಿನಲ್ಲಿ ಉಳಿದದ್ದು ಕಡಲ ಕಾಳಗಕ್ಕಿಂತ ಹೆಚ್ಚಾಗಿ ಊಟದ ತಟ್ಟೆ. ಕಲ್ಲು ಬೆರೆತ ಅನ್ನ, ನೀರಾದ ಬೇಳೆ. ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನಿಗೆ ಬೇರೆ ಊಟ, ಬೇರೆ ಸಂಬಳ. ಸಾಲದ್ದಕ್ಕೆ ಮೇಲಧಿಕಾರಿಗಳ ಬೈಗುಳ. ಯುದ್ಧ ನಡೆಯುವಷ್ಟು ಕಾಲ ಇದನ್ನೆಲ್ಲ ನುಂಗಿಕೊಂಡವರಿಗೆ 1945ರಲ್ಲಿ ಇನ್ನೊಂದು ಚಿಂತೆ ಹತ್ತಿತು. ಪಡೆಯನ್ನು ಕುಗ್ಗಿಸುವ ಕೆಲಸ ಶುರುವಾಗಿತ್ತು. ಮನೆಗೆ ಹೋದರೆ ಮುಂದೇನು? ಅತ್ತ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದಿತ್ತು. ತಾವು ಯಾರ ಪರವಾಗಿ ಯುದ್ಧ ಮಾಡಿದೆವು ಎಂಬ ಪ್ರಶ್ನೆ ನಾವಿಕರನ್ನು ಕಾಡತೊಡಗಿತು.

ದತ್ತ ಆಗ ಇದ್ದದ್ದು ಮುಂಬಯಿಯ ಕೊಲಾಬಾದ ‘ತಲ್ವಾರ್’ನಲ್ಲಿ. ಹಡಗಿನ ಹೆಸರಾದರೂ ತಲ್ವಾರ್ ಹಡಗಲ್ಲ. ದಡದ ಮೇಲಿನ ಠಾಣೆಗಳಿಗೂ ಹಡಗಿನಂತೆ ಹೆಸರಿಡುವುದು ನೌಕಾಪಡೆಯ ಸಂಪ್ರದಾಯ. ಇದು ಸಿಗ್ನಲ್ ಶಾಲೆ. ಸಂದೇಶ ಕಳಿಸುವುದನ್ನು, ಪಡೆಯುವುದನ್ನು ಕಲಿಸುವ ಜಾಗ. 1945ರ ಡಿಸೆಂಬರ್ 1ರಂದು ನೌಕಾಪಡೆ ದಿನ. ಊರಿನ ಗಣ್ಯರಿಗೆ ಠಾಣೆ ತೋರಿಸುವ ಏರ್ಪಾಡಾಗಿತ್ತು. ಬೆಳಗಾಗಿ ನೋಡಿದರೆ ಗೋಡೆಗಳ ಮೇಲೆ ‘ಭಾರತ ಬಿಟ್ಟು ತೊಲಗಿ’ ಎಂಬಂಥ ಘೋಷಣೆಗಳು! 1946ರ ಫೆಬ್ರವರಿ ಆರಂಭದಲ್ಲಿ ಸೇನಾ ದಂಡನಾಯಕರು ಬರುವ ಹೊತ್ತಿಗೆ ಮತ್ತೆ ಅದೇ ಕೆಲಸ. ಈ ಸಲ ದತ್ತ ಸಿಕ್ಕಿಬಿದ್ದರು. ಅವರ ಸಾಮಾನಿನಲ್ಲಿ ದಿನಚರಿಗಳೂ ಅಶೋಕ ಮೆಹ್ತಾ ಅವರ 1857ರ ದಂಗೆಯ ಕುರಿತ ಪುಸ್ತಕವೂ ದೊರೆತವು. ಅವರನ್ನು ಒಂಟಿ ಕೋಣೆಗೆ ಹಾಕಲಾಯಿತು.

ಅದೇ ದಿನಗಳಲ್ಲಿ ತಲ್ವಾರ್‌ನ ಮುಖ್ಯಾಧಿಕಾರಿ ಕಮಾಂಡರ್ ಕಿಂಗ್ ನಾವಿಕರನ್ನು ಹೆತ್ತವರ ಮೇಲೆ ಹೋಗುವಂತೆ ಬೈದ. ಲಿಖಿತ ದೂರು ಕೊಟ್ಟರೂ ಕಿವಿಗೊಡಲಿಲ್ಲ. ಫೆಬ್ರವರಿ 18ರ ಬೆಳಿಗ್ಗೆ ನಾವಿಕರು ಊಟ ಮುಟ್ಟಲಿಲ್ಲ, ಕೆಲಸಕ್ಕೂ ಹೋಗಲಿಲ್ಲ.

ಬೇರೆ ಯಾವ ಠಾಣೆಯಲ್ಲಿ ಹೀಗಾಗಿದ್ದರೂ ಸುದ್ದಿ ಅದರ ಗೇಟಿನೊಳಗೇ ಉಳಿಯುತ್ತಿತ್ತೇನೋ. ತಲ್ವಾರ್‌ನಲ್ಲಿದ್ದವರು ತಂತಿ ಕೆಲಸದವರು. ವೈರ್‌ಲೆಸ್ ಯಂತ್ರ ಅವರ ಕೈಯಲ್ಲೇ ಇತ್ತು. ಬ್ರಿಟಿಷ್ ಸರಕಾರ ಯುದ್ಧಕ್ಕೆಂದು ಕಲಿಸಿದ ವಿದ್ಯೆ ಸರಕಾರದ ವಿರುದ್ಧವೇ ತಿರುಗಿತು. ಸುದ್ದಿ ಬಂದರಿನ ಹಡಗುಗಳಿಗೂ, ಕರಾಚಿಯಂಥ ದೂರದ ಬಂದರುಗಳಿಗೂ ಹರಡಿತು. ಕೆಲವೇ ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಡಗುಗಳು, ಇಪ್ಪತ್ತರಷ್ಟು ದಡದ ಠಾಣೆಗಳು, ಸುಮಾರು ಇಪ್ಪತ್ತು ಸಾವಿರ ನಾವಿಕರು ಮುಷ್ಕರಕ್ಕೆ ಸೇರಿದರು. ಮುಷ್ಕರ ಸಮಿತಿಗೆ ಎಂ.ಎಸ್. ಖಾನ್ ಅಧ್ಯಕ್ಷರು, ಮದನ್ ಸಿಂಗ್ ಉಪಾಧ್ಯಕ್ಷರು. ಕಾಂಗ್ರೆಸ್, ಲೀಗ್, ಕಮ್ಯುನಿಸ್ಟ್ ಬಾವುಟಗಳನ್ನು ಒಟ್ಟಿಗೆ ಏರಿಸಿದರು. ದೇಶವಿಭಜನೆಗೆ ಇನ್ನು ಒಂದೂವರೆ ವರ್ಷವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಗುಂಡು ಹಾರಿತು. ಮುಂಬಯಿಯ ಕಾರ್ಮಿಕರು ನಾವಿಕರ ಪರವಾಗಿ ಬೀದಿಗಿಳಿದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಡ್ಮಿರಲ್ ಗಾಡ್‌ಫ್ರೇ, ನೌಕಾಪಡೆಯೇ ನಾಶವಾದರೂ ಸರಿ, ದಂಗೆಯನ್ನು ಅಡಗಿಸುವುದಾಗಿ ರೇಡಿಯೋದಲ್ಲಿ ಎಚ್ಚರಿಸಿದರು. ಅರುಣಾ ಆಸಫ್ ಅಲಿ ನಾವಿಕರ ಬೆನ್ನಿಗೆ ನಿಂತರು. ಶರಣಾಗಿ ಎಂದು ಸಲಹೆ ಕೊಟ್ಟವರು ಸರ್ದಾರ್ ಪಟೇಲರು. ಜಿನ್ನಾ ಅವರೂ ಅದನ್ನೇ ಹೇಳಿದರು. ಫೆಬ್ರವರಿ 23ರಂದು ನಾವಿಕರು ಮಣಿದರು. ನಾಳೆ ಸ್ವತಂತ್ರ ಭಾರತಕ್ಕೂ ಶಿಸ್ತಿನ ಪಡೆ ಬೇಕು ಎಂಬ ಪಟೇಲರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಯಾರಿಗೂ ಕಿರುಕುಳವಾಗದಂತೆ ನೋಡಿಕೊಳ್ಳಲು ಪ್ರಯತ್ನಿಸುತ್ತೇವೆಂದು ಕಾಂಗ್ರೆಸ್ ಕೊಟ್ಟ ಮಾತು ಆ ಹುಡುಗರ ಪಾಲಿಗೆ ನಿಜವಾಗಲಿಲ್ಲ.

ಅನೇಕರನ್ನು ಮುಲುಂದ್‌ನ ಶಿಬಿರದಲ್ಲಿ ಕೂಡಿಹಾಕಿದರು. ನಾಲ್ಕುನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಸರಕಾರ ವಿಚಾರಣಾ ಆಯೋಗ ನೇಮಿಸಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಫಜಲ್ ಅಲಿ. ಮುಂದೆ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿ ಕನ್ನಡಿಗರಿಗೆ ಪರಿಚಿತರಾದವರು ಇವರೇ. ನಾವಿಕರಲ್ಲಿ ವ್ಯಾಪಕ ಅಸಮಾಧಾನವಿತ್ತು ಎಂದು ಆಯೋಗ ಒಪ್ಪಿತು. ಒಪ್ಪಿದ್ದರಿಂದ ಕೆಲಸ ಮರಳಿ ಬರಲಿಲ್ಲ. 1947ರ ಆಗಸ್ಟ್‌ನಲ್ಲಿ ದೇಶದೊಂದಿಗೆ ನೌಕಾಪಡೆಯೂ ಎರಡಾಯಿತು; ಹಡಗುಗಳನ್ನು ಹಂಚಿಕೊಂಡ ಎರಡೂ ದೇಶಗಳು ಈ ನಾವಿಕರನ್ನು ಹಿಂದಕ್ಕೆ ಕರೆಯಲಿಲ್ಲ. ಮೋರ್ಸ್ ಸಂಕೇತದಲ್ಲಿ ಪಳಗಿದ ಕೈಗೆ ಊರಿನಲ್ಲಿ ಯಾವ ಕೆಲಸ? ವಜಾ ಆದವನೆಂಬ ಹಣೆಪಟ್ಟಿ ಬೇರೆ. ಯುದ್ಧದಲ್ಲಿ ದುಡಿದವರು ಎಂದು ಹೇಳಿಕೊಂಡರೆ ಬ್ರಿಟಿಷರ ಸೇವಕರು, ದಂಗೆಯೆದ್ದವರು ಎಂದರೆ ಶಿಸ್ತುಗೆಟ್ಟವರು.

ದತ್ತ ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಎಸ್. ಸದಾನಂದರ ಈ ಪತ್ರಿಕೆ ರಾಷ್ಟ್ರೀಯ ಚಳವಳಿಯ ಪರ ನಿಂತದ್ದು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂಬಯಿಗೆ ಹೋದ ಹೊಸದರಲ್ಲಿ ವ್ಯಂಗ್ಯಚಿತ್ರ ಬರೆದದ್ದೂ ಇಲ್ಲಿಯೇ. ದತ್ತ ಮುಂದೆ ಜಾಹೀರಾತು ಕ್ಷೇತ್ರಕ್ಕೆ ಹೋದರು. ಓದು, ಇಂಗ್ಲಿಷ್, ನಗರದ ನಂಟು ಇದ್ದ ಅವರಿಗೆ ದಾರಿ ಸಿಕ್ಕಿತು. ಹಳ್ಳಿಗೆ ಮರಳಿದವರೆಲ್ಲ ಪುಸ್ತಕ ಬರೆಯಲಿಲ್ಲ. ಆದ್ದರಿಂದಲೇ ಇಪ್ಪತ್ತೈದು ವರ್ಷಗಳ ನಂತರ ಬಂದ ದತ್ತರ ಕಥನಕ್ಕೆ ಇಷ್ಟು ಬೆಲೆ. ‘ಮುಗ್ಧರು’ ಎಂಬ ಮಾತನ್ನು ಅವರು ಯೋಚಿಸಿಯೇ ಆರಿಸಿರಬೇಕು. ಹಡಗುಗಳನ್ನೂ ಫಿರಂಗಿಗಳನ್ನೂ ವಶಪಡಿಸಿಕೊಂಡವರು ಅವನ್ನು ಒಪ್ಪಿಸಲು ರಾಷ್ಟ್ರನಾಯಕರನ್ನು ಹುಡುಕಿಕೊಂಡು ಹೊರಟಿದ್ದರು!

ಮಾನ್ಯತೆ ತಡವಾಗಿ, ಕಂತುಗಳಲ್ಲಿ ಬಂತು. 1972ರಲ್ಲಿ ಶುರುವಾದ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯ ವ್ಯಾಪ್ತಿಗೆ ಮುಂದೆ ಈ ದಂಗೆಯೂ ಸೇರಿತು. 2001ರಲ್ಲಿ ಕೊಲಾಬಾದಲ್ಲಿ ಸ್ಮಾರಕವಾಯಿತು. 2022ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೌಕಾಪಡೆಯೇ ತನ್ನ ಸ್ತಬ್ಧಚಿತ್ರದಲ್ಲಿ 1946ನ್ನು ತೋರಿಸಿತು. ಅದಕ್ಕೂ ಮೊದಲೇ ಅದು ತನ್ನ ಎರಡು ಟಗ್ ದೋಣಿಗಳಿಗೆ ಮದನ್ ಸಿಂಗ್ ಮತ್ತು ಬಿ.ಸಿ. ದತ್ತ ಎಂದು ಹೆಸರಿಟ್ಟಿತ್ತು. ಟಗ್‌ಗಳು ಯುದ್ಧಕ್ಕೆ ಹೋಗುವುದಿಲ್ಲ. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು, ತಳ್ಳಿ ದಡಕ್ಕೆ ಸೇರಿಸುತ್ತವೆ.