ಕೈಗಾದ ಭಯ, ಹೆದ್ದಾರಿಯ ಸಾವು: ಅಪಾಯದ ಎರಡು ಲೆಕ್ಕಗಳು

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿತು. ಸರಕಿನ ಜತೆಗೇ ಕುಳಿತು ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಪರಿಹಾರ ಘೋಷಣೆಯಾಯಿತು, ಕೆಲವೇ ದಿನಗಳಲ್ಲಿ ಸುದ್ದಿ ಹಿಂದೆ ಸರಿಯಿತು. ಅದೇ ಉತ್ತರ ಕನ್ನಡದಲ್ಲಿ, ಕಾಳಿ ನದಿಯ ಪಕ್ಕದ ಕೈಗಾದಲ್ಲಿ, 2000ದಿಂದ ಅಣುವಿದ್ಯುತ್ ಉತ್ಪಾದನೆಯಾಗುತ್ತಿದೆ. ಅಲ್ಲಿ ವಿಕಿರಣ ಅವಘಡದಿಂದ ಸುತ್ತಲಿನ ಊರಿನವರು ಸತ್ತ ದಾಖಲೆ ಇಲ್ಲ. ಆದರೂ ಜಿಲ್ಲೆಯ ಜನರನ್ನು ಮೂರೂವರೆ ದಶಕಗಳಿಂದ ಕಾಡುತ್ತಿರುವುದು ಕೈಗಾದ ಭಯ, ಘಟ್ಟದ ರಸ್ತೆಯದಲ್ಲ.

ಈ ಅಂತರವನ್ನು ಮೊದಲು ಕ್ರಮಬದ್ಧವಾಗಿ ಅಳೆದವರು ಅಮೆರಿಕದ ಆರೆಗಾನ್‌ನ ಮನಶ್ಶಾಸ್ತ್ರಜ್ಞರಾದ ಪಾಲ್ ಸ್ಲೋವಿಕ್, ಬರೂಕ್ ಫಿಶ್‌ಹಾಫ್ ಮತ್ತು ಸಾರಾ ಲಿಕ್ಟನ್‌ಸ್ಟೀನ್. 1970ರ ದಶಕದ ಕೊನೆಯಲ್ಲಿ ಅವರು 30 ಚಟುವಟಿಕೆಗಳನ್ನು ಮುಂದಿಟ್ಟು, ಯಾವುದು ಹೆಚ್ಚು ಅಪಾಯಕಾರಿ ಎಂದು ಕೇಳಿದರು. ಮಹಿಳಾ ಮತದಾರರ ಸಂಘದ ಸದಸ್ಯೆಯರೂ ಕಾಲೇಜು ವಿದ್ಯಾರ್ಥಿಗಳೂ ಅಣುವಿದ್ಯುತ್ತಿಗೆ ಮೊದಲ ಸ್ಥಾನ ಕೊಟ್ಟರು. ತಜ್ಞರ ಪಟ್ಟಿಯಲ್ಲಿ ಅದು ಇಪ್ಪತ್ತನೆಯದು. ಅವರ ಮೊದಲ ಸ್ಥಾನ ಮೋಟಾರು ವಾಹನಕ್ಕೆ. ಎಕ್ಸ್-ರೇ ವಿಷಯದಲ್ಲಿ ಕ್ರಮ ತಿರುಗಿತು: ತಜ್ಞರು ಅದನ್ನು ಏಳನೆಯ ಸ್ಥಾನದಲ್ಲಿಟ್ಟರೆ ಸದಸ್ಯೆಯರು ಇಪ್ಪತ್ತೆರಡಕ್ಕೆ ಇಳಿಸಿದರು. ಎರಡೂ ವಿಕಿರಣವೇ. ಆದರೆ ಒಂದನ್ನು ವೈದ್ಯರು ನಮ್ಮ ಒಳಿತಿಗೆ, ನಮ್ಮನ್ನು ಕೇಳಿಯೇ ಕೊಡುತ್ತಾರೆ.

ತಜ್ಞರು ಸಾವುಗಳನ್ನು ಎಣಿಸಿದರೆ ಜನ ಬೇರೆ ಸಂಗತಿಗಳನ್ನೂ ತೂಗುತ್ತಾರೆ ಎಂಬುದು ಈ ಸಂಶೋಧನೆಯ ತಿರುಳು. ಅಪಾಯ ನಾವೇ ಆರಿಸಿಕೊಂಡದ್ದೋ ಹೇರಿದ್ದೋ, ಕಣ್ಣಿಗೆ ಕಾಣುವಂಥದೋ ಅಲ್ಲವೋ, ಮಕ್ಕಳು ಮೊಮ್ಮಕ್ಕಳಿಗೂ ತಟ್ಟುತ್ತದೆಯೋ, ಇವೆಲ್ಲ ಆ ತೂಕದಲ್ಲಿ ಸೇರುತ್ತವೆ. ಇದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ.

ಕೈಗಾದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1989ರಲ್ಲಿ ಸಾಹಿತಿ ಶಿವರಾಮ ಕಾರಂತರು ಸ್ಥಾವರ ವಿರೋಧವನ್ನೇ ಮುಂದಿಟ್ಟು ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಐದು ವರ್ಷದ ನಂತರ, 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕಾಂಕ್ರೀಟು ಪದರ ಕಿತ್ತು ಕೆಳಗೆ ಬಿತ್ತು. ಒಳಗೆ ಇನ್ನೂ ಇಂಧನ ತುಂಬಿರಲಿಲ್ಲ, ಕಾರ್ಮಿಕರು ಗಾಯಗೊಂಡರು. ಏನೇ ಅವಘಡವಾದರೂ ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಕವಚ ಆ ಗುಮ್ಮಟವೇ ಆಗಿತ್ತು. ಕೆಲಸ ನಿಲ್ಲಿಸಿ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಬೇಕಾಯಿತು. 2009ರ ನವೆಂಬರಿನಲ್ಲಿ ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ವಿಕಿರಣಶೀಲ ಟ್ರೀಟಿಯಂ ಹೆಚ್ಚಾಗಿ ಕಂಡಿತು. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರೀಟಿಯಂ ಬೆರೆತ ಭಾರಜಲ ಸುರಿದಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಯಾರೂ ಸಾಯಲಿಲ್ಲ. ಆದರೆ ಬಿಗಿ ಕಾವಲಿನ ಆವರಣದಲ್ಲೇ ಇದು ನಡೆಯಿತೆಂದಾಗ ಹೊರಗಿನವರ ಆತಂಕಕ್ಕೆ ಆಧಾರವಿಲ್ಲ ಎನ್ನುವುದು ಹೇಗೆ?

ಈ ಕಥೆಗೆ ಇನ್ನೊಂದು ಮುಖವಿದೆ. ಇದೇ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರಿನಲ್ಲಿ ಸತತ 941 ದಿನ ಓಡಿ ವಿಶ್ವದಾಖಲೆ ಮುರಿಯಿತು. ತಿಂಗಳ ಕೊನೆಗೆ ನಿಲ್ಲಿಸುವಾಗ ಅದು 962 ದಿನ ತಲುಪಿತ್ತು. ಈ ಸಾಧನೆಯಲ್ಲಿ ಜನರ ಭಯದ ಪಾಲೂ ಇದೆ ಎಂಬುದು ಈ ಲೇಖನದ ವಾದ. ಭಯವಿದ್ದಲ್ಲಿ ನಿಯಂತ್ರಕರು, ತಪಾಸಣೆ, ಪತ್ರಿಕೆಗಳ ಕಣ್ಣು ಎಲ್ಲವೂ ಇರುತ್ತವೆ. ರಸ್ತೆಗೆ ಆ ಭಾಗ್ಯವಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕವೊಂದರಲ್ಲೇ 11,702. ದೇಶದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂದು ದಶಲಕ್ಷ ಸಾವುಗಳ ಅಧ್ಯಯನ ಅಂದಾಜಿಸಿದೆ. ಈ ಸಾವುಗಳು ಒಂದೊಂದಾಗಿ, ಚದುರಿ ಬರುತ್ತವೆ. ಗದ್ದೆಯಲ್ಲಿ ಹಾವು ಕಡಿಸಿಕೊಂಡವನ ಊರಿನ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕ ಔಷಧಿ ಇತ್ತೇ ಎಂದು ಕೇಳುವ ಚಳವಳಿ ಹುಟ್ಟುವುದಿಲ್ಲ.

ಅತಿಭಯವೂ ಜೀವ ತೆಗೆಯುತ್ತದೆ. ಫುಕುಶಿಮಾದಲ್ಲಿ 2011ರ ಅಣುಸ್ಥಾವರ ಅವಘಡದ ನಂತರ ವಿಕಿರಣದಿಂದಾದದ್ದೆಂದು ಜಪಾನ್ ಸರ್ಕಾರ 2018ರಲ್ಲಿ ಒಪ್ಪಿದ್ದು ಒಬ್ಬ ಕಾರ್ಮಿಕನ ಸಾವನ್ನು. ಆದರೆ ಸ್ಥಳಾಂತರದ ದಣಿವು, ಕೈತಪ್ಪಿದ ಚಿಕಿತ್ಸೆ, ಮನೋವ್ಯಥೆಗಳಂಥ ಕಾರಣಗಳಿಂದ ಆ ಪ್ರಾಂತ್ಯದಲ್ಲಿ 2,000ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಲ್ಲಿನ ಆಡಳಿತವೇ ದಾಖಲಿಸಿದೆ. ಅವರಲ್ಲಿ ವೃದ್ಧರೇ ಹೆಚ್ಚು. ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ ಬಸ್ಸಿಗೆ ಹತ್ತಿಸಿದ ಕೆಲವು ರೋಗಿಗಳು ದಾರಿಯಲ್ಲೇ ಅಸುನೀಗಿದರು. ಚೆರ್ನೋಬಿಲ್‌ನಲ್ಲಿ ನಡೆದದ್ದು ತದ್ವಿರುದ್ಧ. 1986ರ ಏಪ್ರಿಲ್ 26ರ ರಿಯಾಕ್ಟರ್ ಸ್ಫೋಟದ ಸುದ್ದಿಯನ್ನು ಆಳುವವರು ಮುಚ್ಚಿಟ್ಟರು. ವಿಕಿರಣಶೀಲ ಅಯೋಡಿನ್-131 ಸೇರಿದ ಹಾಲನ್ನು ಮಕ್ಕಳು ಕುಡಿಯುತ್ತಲೇ ಇದ್ದರು. ಮುಂದೆ ಸಾವಿರಾರು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಅಲ್ಲಿ ಹಾನಿಯನ್ನು ಹೆಚ್ಚಿಸಿದ್ದು ಜನರ ಭಯವಲ್ಲ, ಅವರಿಗೆ ಸುದ್ದಿ ತಿಳಿಸದೆ ಇದ್ದದ್ದು.

ಕೈಗಾದಲ್ಲಿ ಈಗ ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೆಯ ಘಟಕಗಳ ಯೋಜನೆ ಮುಂದೆ ಸಾಗಿದೆ. ಅಲ್ಲಿನ ಅಪಾಯವನ್ನು ರಿಯಾಕ್ಟರಿನೊಳಗಷ್ಟೇ ಹುಡುಕಿದರೆ ಸಾಲದು. 2019ರ ಆಗಸ್ಟ್ ಮಳೆಯಲ್ಲಿ ಕಾಳಿ ನದಿಯ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅವಘಡವಾದರೆ ಸ್ಥಾವರದ ಸುತ್ತಲಿನ ಜನ ಹೊರಬೀಳಬೇಕಾದದ್ದೂ ಇಂಥ ನದಿ, ಗುಡ್ಡಗಳ ನಡುವಿನ ರಸ್ತೆಗಳಿಂದಲೇ. ಆದ್ದರಿಂದ ತುರ್ತು ತೆರವಿನ ಯೋಜನೆಯನ್ನು ಒಣಹವೆಯ ಹಗಲಿನಲ್ಲಲ್ಲ, ಅಣೆಕಟ್ಟೆಯ ಬಾಗಿಲು ತೆರೆದ ಮಳೆಗಾಲದ ರಾತ್ರಿಯ ಪರಿಸ್ಥಿತಿಗೆ ಹೊಂದಿಸಿ ಪರೀಕ್ಷಿಸಬೇಕು, ಅದರ ಫಲಿತಾಂಶವನ್ನು ಸ್ಥಾವರದ ಸಮೀಪದ ಮಲ್ಲಾಪುರ, ಕದ್ರಾದ ಜನರ ಮುಂದೆ ಕನ್ನಡದಲ್ಲೇ ಇಡಬೇಕು.