ಕೂನೂರಿನ ಪ್ರಯೋಗಾಲಯ ಮತ್ತು ಮುಪ್ಪಿನ ಪ್ರಶ್ನೆ

ಮುಪ್ಪನ್ನು ಹಿಂದಕ್ಕೆ ತಳ್ಳಬೇಕೆಂಬ ಹಂಬಲ ಇಂದಿನದಲ್ಲ. ಯಯಾತಿಯು ಮಗನಾದ ಪುರುವಿನ ಯೌವನವನ್ನೇ ಬೇಡಿ ಪಡೆದ ಕಥೆಯನ್ನು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಚರಕಸಂಹಿತೆಯಲ್ಲಿ ರಸಾಯನ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಕ ಅವರು ಇಲಿಯ ಬೆಳೆದ ಜೀವಕೋಶಗಳನ್ನು ನಾಲ್ಕು ಜೀನುಗಳ ನೆರವಿನಿಂದ ಭ್ರೂಣದ ಕೋಶಗಳಂತೆ ಮಾರ್ಪಡಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೂ ಮನುಷ್ಯನ ಮುಪ್ಪನ್ನು ಮರಳಿಸುವ ಚಿಕಿತ್ಸೆ ಇನ್ನೂ ಕೈಗೂಡಿಲ್ಲ.

ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನಮ್ಮ ನೀಲಗಿರಿಯಲ್ಲಿಯೇ ಶೋಧಿಸಲಾಗಿತ್ತು. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಒಂದೇ ಕೊಠಡಿಯಲ್ಲಿ 1918ರಲ್ಲಿ ಡಾ. ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ಸಂಶೋಧನೆಯನ್ನು ಆರಂಭಿಸಿದರು. 1928ರ ಹೊತ್ತಿಗೆ ಅದು ಪೌಷ್ಟಿಕತೆಯ ಸಂಶೋಧನಾಲಯವಾಗಿ ಬೆಳೆಯಿತು.

ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನರ ಊಟವನ್ನು ಅವರು ಬಿಳಿ ಇಲಿಗಳ ಗುಂಪುಗಳಿಗೆ ಉಣಿಸಿ ನೋಡಿದರು. ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಮೊಳಕೆಕಾಳು, ತರಕಾರಿಗಳನ್ನು ಉಂಡವು ಪುಷ್ಟವಾಗಿ ಬೆಳೆದವು. ಪಾಲಿಷ್ ಅಕ್ಕಿಯನ್ನೇ ನೆಚ್ಚಿದವು ಸೊರಗಿದವು. ಉತ್ತಮ ಆಹಾರ, ಶುಚಿತ್ವ, ಗಾಳಿ, ಬೆಳಕುಗಳಲ್ಲಿ ಸಾಕಿದ ಇಲಿಗಳು ಎರಡು ವರ್ಷಗಳವರೆಗೆ, ಎಂದರೆ ಮನುಷ್ಯನ ಲೆಕ್ಕದಲ್ಲಿ ಐವತ್ತು ದಾಟುವವರೆಗೆ, ಬಹುಮಟ್ಟಿಗೆ ನಿರೋಗಿಗಳಾಗಿದ್ದುವೆಂದು ಅವರು 1936ರ ಉಪನ್ಯಾಸಗಳಲ್ಲಿ ತಿಳಿಸಿದರು. ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಅದರ ಸೂಚನೆಯನ್ನು ಕಡೆಗಣಿಸಲೂ ಆಗದು. 1958ರಲ್ಲಿ ಆ ಸಂಶೋಧನಾಲಯ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಅದುವೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಸಂಶೋಧನಾಲಯ ಬೆಟ್ಟವಿಳಿದು ಹೋಯಿತು. ಅದರ ಪಾಠವೂ ಹೋಯಿತೇ ಎಂಬ ಶಂಕೆ ನಮ್ಮನ್ನು ಕಾಡುತ್ತದೆ. ಇಲ್ಲಿನ ಹಟ್ಟಿಗಳಲ್ಲಿ ಬೆಳೆಯುತ್ತಿದ್ದ ರಾಗಿ, ಸಾಮೆಗಳ ಹೊಲಗಳು ಬಹುಪಾಲು ಚಹಾ ತೋಟಗಳಾಗಿವೆ. ಬೆಳಗ್ಗೆ ಬರಿಯ ಚಹಾ ಕುಡಿದು ಬಂದು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಳಿತುಬಿಡುವ ಮಕ್ಕಳನ್ನು ನಾವು ಕಂಡಿದ್ದೇವೆ. ಅಂತಹ ಮಗುವಿಗೆ ದೀರ್ಘಾಯುಷ್ಯದ ಮೊದಲ ಔಷಧ ಒಂದು ಬಟ್ಟಲು ರಾಗಿ ಗಂಜಿಯೇ ಹೊರತು ಬೇರೆಯಲ್ಲ.

ಯಯಾತಿ ಎಳೆಯರಿಂದ ಯೌವನವನ್ನು ಪಡೆದ. ಹಿರಿಯರಾದ ನಾವು ಎಳೆಯರಿಗೆ ಆರೋಗ್ಯವನ್ನು ಕೊಡಬೇಕಾಗಿದೆ. ಶಾಲೆಯ ಎರಡನೆಯ ಶತಮಾನದ ಕೆಲಸ ಅಡುಗೆಮನೆಯಿಂದಲೂ ಆರಂಭವಾಗಲಿ ಎಂದು ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ.